ತೂತು ಚಿಕ್ಕದಾದರೆ ಆಪರೇಷನ್ನೂ ಚಿಕ್ಕದಾಗುತ್ತಾ?

ಓದುಗರ ಪ್ರಶ್ನೆ: ನನಗೆ 41 ವರ್ಷ. ಏಳು ವಾರದಿಂದ ಎಡಗಾಲಿನ ಹಿಂಭಾಗದಲ್ಲಿ ಪಾದದವರೆಗೂ ಎಳೆತ, ಕಿರುಬೆರಳಿನ ಕಡೆ ಜೋಮು. ಎಂಆರ್‌ಐ ಮಾಡಿಸಿದೆ. ಬೆನ್ನಿನ ತೀರ ಕೆಳಗಿನ ಎಲ್5-ಎಸ್1 ಡಿಸ್ಕ್ ಹೊರಗೆ ಬಂದು ನರವನ್ನು ಒತ್ತುತ್ತಿದೆ ಅಂತ ರಿಪೋರ್ಟ್. ಒಬ್ಬ ಸರ್ಜನ್ ಎರಡೂವರೆ ಸೆಂಟಿಮೀಟರ್ ಕೊಯ್ದು ಮೈಕ್ರೋಸ್ಕೋಪ್ ಇಟ್ಟು ತೆಗೆಯುತ್ತೇನೆ ಅಂದರು. ಇನ್ನೊಬ್ಬರು 8 ಮಿಲಿಮೀಟರ್ ತೂತು ಸಾಕು, ಕ್ಯಾಮೆರಾ ಇರುವ ಸಣ್ಣ ಕಡ್ಡಿಯಾದ ಎಂಡೋಸ್ಕೋಪ್‌ನಲ್ಲಿ ಆಗುತ್ತದೆ ಅಂದರು. ಈ ಚಿಕ್ಕ ತೂತಿನ ಆಪರೇಷನ್ ಹೇಗೆ ಬಂತು? ನಂಬಬಹುದಾ? ಮೊದಲನೆಯವರು ಹೇಳಿದ್ದು ಹಳೇ ಪದ್ಧತಿನಾ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಮೊದಲನೆಯವರು ಹೇಳಿದ್ದು ಹಳೇ ಪದ್ಧತಿ ಅಲ್ಲ. ಇವತ್ತಿಗೂ ಪ್ರಪಂಚದಲ್ಲಿ ಹೊಸ ವಿಧಾನ ಯಾವುದೇ ಬರಲಿ, ಅದನ್ನು ಪಕ್ಕದಲ್ಲಿಟ್ಟು ಅಳೆಯುವುದು ಮೈಕ್ರೋಸ್ಕೋಪ್ ಆಪರೇಷನ್ ಜೊತೆಗೇ. ನೀವು ಎರಡೂವರೆ ಸೆಂಟಿಮೀಟರನ್ನು ಎಂಟು ಮಿಲಿಮೀಟರ್ ಜೊತೆ ಹೋಲಿಸುತ್ತಿದ್ದೀರಿ. ಸಹಜ, ಆಪರೇಷನ್ ಆದಮೇಲೆ ಕಣ್ಣಿಗೆ ಕಾಣುವುದು ಅದೊಂದೇ ತಾನೇ. ಆದರೆ ಚರ್ಮ ಹೇಗಾದರೂ ವಾಸಿಯಾಗುತ್ತದೆ. ನಾನು ಈ ಕೆಲಸದಲ್ಲಿ ಕಲಿತದ್ದು ಇಷ್ಟು: ಬೆನ್ನಿನ ಆಪರೇಷನ್ನಿನಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ. ಸರ್ಜನ್‌ಗೆ ನರ ಚೆನ್ನಾಗಿ ಕಂಡಿತಾ? ಅಲ್ಲಿಗೆ ಹೋಗುವ ದಾರಿಯಲ್ಲಿ ಮಾಂಸಖಂಡಕ್ಕೆ ಎಷ್ಟು ಪೆಟ್ಟಾಯಿತು? ಈ ವಿಷಯದ ಇಡೀ ಚರಿತ್ರೆ ಈ ಎರಡರ ನಡುವಿನ ಎಳೆದಾಟ. ಪೆಟ್ಟು ಕಡಿಮೆ ಮಾಡುವ ಆತುರದಲ್ಲಿ ನೋಟ ಕಳೆದುಕೊಂಡಾಗಲೆಲ್ಲ ರೋಗಿಗೆ ತೊಂದರೆಯಾಗಿದೆ. ನೋಟ ಸುಧಾರಿಸಿದ ಮೇಲೆ ತೂತು ಚಿಕ್ಕದಾದಾಗ ಮಾತ್ರ ನಿಜವಾದ ಲಾಭ ಸಿಕ್ಕಿದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ನಿಮ್ಮ ನಿರ್ಧಾರ ಸುಲಭವಾಗುತ್ತದೆ.

ಕಾಲಿನ ಎಳೆತಕ್ಕೆ ಡಿಸ್ಕ್, ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ, ಕಾರಣ ಅಂತ ತಿಳಿದೇ ಇನ್ನೂ ನೂರು ವರ್ಷ ಆಗಿಲ್ಲ. 1909ರಲ್ಲಿ ಬರ್ಲಿನ್‌ನಲ್ಲಿ ಕ್ರೌಸೆ ಮತ್ತು ಓಪನ್‌ಹೈಮ್ ಅನ್ನುವ ವೈದ್ಯರು ನರ ಒತ್ತುತ್ತಿದ್ದ ಒಂದು ಗಂಟನ್ನು ತೆಗೆದ ವರದಿ ಕೊಟ್ಟರು. ಅವರು ಅದನ್ನು ಮೃದ್ವಸ್ಥಿಯ ಗೆಡ್ಡೆ ಅಂದುಕೊಂಡಿದ್ದರು. ಅದಾದ ಮೇಲೂ ವರ್ಷಗಟ್ಟಲೆ ಹೀಗೇ ನಡೆಯಿತು, ತೆಗೆದದ್ದು ಡಿಸ್ಕಿನ ತುಣುಕು, ಬಾಟಲಿ ಮೇಲೆ ಬರೆದದ್ದು ಗೆಡ್ಡೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನರಗಳ ಸರ್ಜನ್ ವಿಲಿಯಂ ಮಿಕ್ಸ್ಟರ್ ಮತ್ತು ಮೂಳೆ ಸರ್ಜನ್ ಜೋಸೆಫ್ ಬಾರ್ ಹಳೆಯ ಸ್ಯಾಂಪಲ್‌ಗಳನ್ನು ಮತ್ತೆ ತೆಗೆದು ನೋಡಿದಾಗ ಅವುಗಳಲ್ಲಿ ಎಷ್ಟೋ ಗೆಡ್ಡೆಗಳೇ ಅಲ್ಲ, ಹೊರಗೆ ಬಂದ ಡಿಸ್ಕ್ ಅಂತ ಗೊತ್ತಾಯಿತು. 1934ರಲ್ಲಿ ಅವರು ಬರೆದ ಲೇಖನದಿಂದ ಡಿಸ್ಕ್ ಆಪರೇಷನ್ ಅನ್ನುವುದು ಶುರುವಾಯಿತು.

ಆಗಿನ ಆಪರೇಷನ್ ನೀವು ಊಹಿಸಿದ್ದಕ್ಕಿಂತ ದೊಡ್ಡದು. ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಎರಡೂ ಕಡೆಯ ಮಾಂಸಖಂಡವನ್ನು ಮೂಳೆಯಿಂದ ಕೆರೆದು ಬಿಡಿಸಿ, ಬೆನ್ನುಮೂಳೆಯ ಹಿಂಬದಿಯ ಚಾವಣಿಯನ್ನೇ, ಅಂದರೆ ಲ್ಯಾಮಿನಾ ಅನ್ನುವ ಮೂಳೆಯನ್ನು, ತೆಗೆದುಹಾಕುತ್ತಿದ್ದರು. ಎಷ್ಟೋ ಸಲ ನರಗಳನ್ನು ಸುತ್ತಿರುವ ಪೊರೆಯನ್ನೂ ತೆರೆದು ಅದರ ಮೂಲಕ ಡಿಸ್ಕ್ ತಲುಪುತ್ತಿದ್ದರು. ಆ ಕಾಲಕ್ಕೆ ಅದು ತಪ್ಪಲ್ಲ. ಎಂಆರ್‌ಐ ಇಲ್ಲ, ಸಿಟಿ ಇಲ್ಲ, ತುಣುಕು ಎಲ್ಲಿದೆ ಅಂತ ಖಚಿತವಾಗಿ ಗೊತ್ತಿಲ್ಲ, ಹುಡುಕಬೇಕಾದರೆ ಜಾಗ ಬೇಕೇ ಬೇಕಲ್ವಾ. 1939ರಲ್ಲಿ ಮೇಯೋ ಕ್ಲಿನಿಕ್‌ನ ಗ್ರಾಫ್ಟನ್ ಲವ್ ಎರಡು ಲ್ಯಾಮಿನಾಗಳ ನಡುವಿನ ಸಂದಿಯಿಂದಲೇ ಹೋಗಬಹುದು, ಚಾವಣಿ ಪೂರ್ತಿ ಕೀಳಬೇಕಾಗಿಲ್ಲ ಅಂತ ತೋರಿಸಿದರು. ಈ ಸಂದಿಯನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಎಲ್5-ಎಸ್1ಗೆ ಇದೇ ಬಾಗಿಲು.

ಈಗ ಮಾಂಸಖಂಡದ ವಿಷಯ. ಇದನ್ನು ಯಾರೂ ಸರಿಯಾಗಿ ವಿವರಿಸುವುದಿಲ್ಲ, ಅದಕ್ಕೆ ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೆನ್ನುಮೂಳೆಗೆ ಅಂಟಿಕೊಂಡೇ ಮಲ್ಟಿಫಿಡಸ್ ಅನ್ನುವ ಮಾಂಸಖಂಡ ಇದೆ. ನೀವು ಬಗ್ಗಿ ಏಳುವಾಗ, ತಿರುಗುವಾಗ, ಸುಮ್ನೆ ನಿಂತಿರುವಾಗಲೂ ಒಂದೊಂದು ಮೂಳೆಯನ್ನೂ ಅದರ ಜಾಗದಲ್ಲಿ ಹಿಡಿದಿಡುವುದರಲ್ಲಿ ಇದರ ಪಾಲು ದೊಡ್ಡದು. ಇದಕ್ಕೆ ಬರುವ ನರ ಬಹಳ ಸಣ್ಣದು, ಮೂಳೆಯ ಅಂಚಿನಲ್ಲೇ ಸುತ್ತಿಕೊಂಡು ಬರುತ್ತದೆ. ಮಾಂಸವನ್ನು ಕೆರೆದು ಬಿಡಿಸಿ ಪಕ್ಕಕ್ಕೆ ಎಳೆದಾಗ ಆ ನರ ಹರಿಯಬಹುದು. ಇನ್ನು ರಿಟ್ರ್ಯಾಕ್ಟರ್, ಅಂದರೆ ಗಾಯವನ್ನು ಅಗಲಿಸಿ ಹಿಡಿಯುವ ಕಬ್ಬಿಣದ ಹಲ್ಲುಗಳು, ಮಾಂಸವನ್ನು ಒತ್ತಿ ಹಿಡಿದಷ್ಟು ಹೊತ್ತೂ ಅಲ್ಲಿಗೆ ರಕ್ತ ಓಡುವುದು ಕಡಿಮೆ. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರಾಣಿಗಳಲ್ಲೂ ಆಮೇಲೆ ರೋಗಿಗಳಲ್ಲೂ ಅಳೆದು ತೋರಿಸಿದರು. ಎಷ್ಟು ಜಾಸ್ತಿ ಹೊತ್ತು, ಎಷ್ಟು ಜೋರಾಗಿ ಅಗಲಿಸಿ ಹಿಡಿಯುತ್ತೀರೋ ಅಷ್ಟು ಹಾನಿ. ಹಾನಿಯಾದ ಮಾಂಸದ ಜಾಗಕ್ಕೆ ಬರುವುದು ಕೊಬ್ಬು ಮತ್ತು ಗಟ್ಟಿ ಕಲೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ, ಹಿಂದೆ ದೊಡ್ಡ ಆಪರೇಷನ್ ಆಗಿದ್ದ ಬೆನ್ನನ್ನು ಎರಡನೇ ಸಲ ತೆರೆದಾಗ ಕೆಂಪು ಮಾಂಸ ಇರಬೇಕಾದ ಕಡೆ ಬಿಳಿ ಹಗ್ಗದಂಥ ಕಲೆ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರ ಕಾಲಿನ ನೋವು ಹೋಗಿತ್ತು. ಬೆನ್ನು ಮಾತ್ರ ಎಂದೂ ಮೊದಲಿನಂತೆ ಆಗಲಿಲ್ಲ.

ಚಿಕ್ಕ ತೂತಿನ ಆಸೆ ಹುಟ್ಟಿದ್ದು ಇಲ್ಲಿಂದ. ಗಾಯದ ಗುರುತು ಚೆನ್ನಾಗಿ ಕಾಣಲಿ ಅಂತ ಅಲ್ಲ.

ಮೊದಲ ಪ್ರಯತ್ನ ಕತ್ತಿಯದ್ದೇ ಅಲ್ಲ, ಪಪ್ಪಾಯಿಯದ್ದು. ಪಪ್ಪಾಯಿ ಕಾಯಿಯ ಹಾಲಿನಲ್ಲಿ ಮಾಂಸವನ್ನು ಮೆತ್ತಗೆ ಮಾಡುವ ಗುಣ ಇರುವುದು ನಿಮಗೂ ಗೊತ್ತಿರಬಹುದು. ಅದರಿಂದ ಕೈಮೋಪಪೇನ್ ಅನ್ನುವ ಕಿಣ್ವವನ್ನು 1941ರಲ್ಲಿ ಬೇರ್ಪಡಿಸಿದ್ದರು. 1956ರಲ್ಲಿ ಲೂಯಿಸ್ ಥಾಮಸ್ ಅನ್ನುವ ಅಮೆರಿಕದ ವೈದ್ಯ ಮೊಲಗಳ ರಕ್ತನಾಳಕ್ಕೆ ಪಪೇನ್ ಕೊಟ್ಟಾಗ ಅವುಗಳ ನೆಟ್ಟಗಿನ ಕಿವಿಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದವು, ಕೆಲವು ದಿನಕ್ಕೆ ಮತ್ತೆ ನೆಟ್ಟಗಾದವು. ಕಿವಿಯ ಮೃದ್ವಸ್ಥಿ ಕರಗುತ್ತದೆ ಅಂದಮೇಲೆ ಡಿಸ್ಕಿನ ತಿರುಳು ಯಾಕೆ ಕರಗಬಾರದು? ಲೈಮನ್ ಸ್ಮಿತ್ ಅನ್ನುವ ಮೂಳೆ ಸರ್ಜನ್ 1963ರಲ್ಲಿ ಮನುಷ್ಯರ ಡಿಸ್ಕಿಗೆ ಸೂಜಿಯಲ್ಲಿ ಕೈಮೋಪಪೇನ್ ಕೊಟ್ಟರು. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಬರೀ ಒಂದು ಸೂಜಿ. 1982ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆಯನ್ನೂ ಕೊಟ್ಟಿತು, ಸಾವಿರಾರು ಜನ ತಗೊಂಡರು, ಬಹಳಷ್ಟು ಜನರಿಗೆ ನೋವು ಕಡಿಮೆಯೂ ಆಯಿತು. ಆದರೆ ಕೆಲವರಿಗೆ ಜೀವಕ್ಕೇ ಕುತ್ತು ತರುವಂಥ ಅಲರ್ಜಿ ಬಂತು. ಇನ್ನು ಕೆಲವರಿಗೆ, ಬಹಳ ಕಡಿಮೆ ಜನಕ್ಕೆ, ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನವೇ ಹೋಯಿತು. ಸೂಜಿಯ ತುದಿ ಎಲ್ಲಿದೆ, ದ್ರವ ಎಲ್ಲಿಗೆ ಹರಿಯುತ್ತಿದೆ ಅನ್ನುವುದು ಮಬ್ಬು ಎಕ್ಸ್‌ರೇ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. 2003ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟವೇ ನಿಂತಿತು. ಗಾಯದ ಅಳತೆಯಲ್ಲೇ ನೋಡುವುದಾದರೆ ಇದಕ್ಕಿಂತ ಚಿಕ್ಕ ಚಿಕಿತ್ಸೆ ಇವತ್ತಿಗೂ ಬಂದಿಲ್ಲ.

ಅದೇ ಸಮಯಕ್ಕೆ ಇನ್ನೆರಡು ಕಡೆ ಬೇರೆ ಬೇರೆ ದಾರಿ ತೆರೆಯುತ್ತಿತ್ತು. ಒಂದು ಪಕ್ಕದಿಂದ ಹೋಗುವ ದಾರಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪರ್ವಿಜ್ ಕಾಂಬಿನ್ 1973ರಿಂದ, ಜಪಾನಿನಲ್ಲಿ ಹಿಜಿಕಾಟಾ 1975ರಲ್ಲಿ, ಬೆನ್ನಿನ ಪಕ್ಕದಿಂದ ಓರೆಯಾಗಿ ಒಂದು ಸಣ್ಣ ಕೊಳವೆ ತೂರಿಸಿ ಡಿಸ್ಕಿನ ತಿರುಳನ್ನು ಚಿಮಟದಿಂದ ತೆಗೆದರು. ಮೂಳೆ ಕೊರೆಯುವುದಿಲ್ಲ, ಮಾಂಸ ಕೆರೆಯುವುದಿಲ್ಲ. ಒಳಗೆ ಕ್ಯಾಮೆರಾ ಇರಲಿಲ್ಲ, ಎಕ್ಸ್‌ರೇ ನೆರಳು ನೋಡಿಕೊಂಡೇ ಕೆಲಸ. ಕಾಂಬಿನ್ ಅವರ ದೊಡ್ಡ ಕೊಡುಗೆ ಅಂದರೆ ಆ ದಾರಿಯಲ್ಲಿ ಸುರಕ್ಷಿತವಾದ ಜಾಗ ಯಾವುದು ಅಂತ ಗುರುತಿಸಿದ್ದು. ಹೊರಗೆ ಹೋಗುವ ನರ ಓರೆಯಾಗಿ ಇಳಿಯುತ್ತದೆ, ಕೆಳಗೆ ಕೆಳಗಿನ ಮೂಳೆಯ ಮೇಲಂಚು, ಹಿಂದೆ ಕೀಲಿನ ಮೂಳೆ. ಈ ಮೂರರ ನಡುವೆ ಒಂದು ತ್ರಿಕೋನ. ಅದರೊಳಗೆ ಕೊಳವೆ ಇಳಿದರೆ ನರ ತಪ್ಪುತ್ತದೆ. ಇವತ್ತಿಗೂ ಅದನ್ನು ಕಾಂಬಿನ್ ತ್ರಿಕೋನ ಅಂತಲೇ ಕರೆಯುತ್ತೇವೆ, ಈ ಕೆಲಸ ಕಲಿಯುವವರಿಗೆ ಮೊದಲ ಪಾಠ ಅದು.

ಇನ್ನೊಂದು ಮೈಕ್ರೋಸ್ಕೋಪ್. 1977ರಲ್ಲಿ ಜ್ಯೂರಿಕ್‌ನ ಯಾಸರ್ಗಿಲ್ ಮತ್ತು ಜರ್ಮನಿಯ ಕಾಸ್ಪರ್, 1978ರಲ್ಲಿ ಲಾಸ್ ವೇಗಸ್‌ನ ರಾಬರ್ಟ್ ವಿಲಿಯಮ್ಸ್, ಮೈಕ್ರೋಸ್ಕೋಪ್ ಇಟ್ಟುಕೊಂಡು ಡಿಸ್ಕ್ ತೆಗೆದ ಅನುಭವವನ್ನು ಪ್ರಕಟಿಸಿದರು. ನನ್ನ ಲೆಕ್ಕದಲ್ಲಿ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಯಾಕೆ ಗೊತ್ತಾ? ಬರಿಗಣ್ಣಿನಲ್ಲಿ ಆಳವಾದ ಗುಂಡಿಯೊಳಗೆ ನೋಡಬೇಕಾದರೆ ಬಾಯಿ ಅಗಲ ಇರಬೇಕು, ಬೆಳಕು ಪಕ್ಕದಿಂದ ಬೀಳಬೇಕು. ಮೈಕ್ರೋಸ್ಕೋಪ್‌ನಲ್ಲಿ ಬೆಳಕೂ ನೋಟವೂ ಒಂದೇ ನೇರದಲ್ಲಿ ಇಳಿಯುತ್ತವೆ, ಅದರ ಮೇಲೆ ಎಲ್ಲ ದೊಡ್ಡದಾಗಿ ಕಾಣುತ್ತದೆ, ಆಳವೂ ಗೊತ್ತಾಗುತ್ತದೆ. ಒಂದೇ ಏಟಿಗೆ ಸೀಳು ಎರಡು ಮೂರು ಸೆಂಟಿಮೀಟರಿಗೆ ಇಳಿಯಿತು, ನರ ಮೊದಲಿಗಿಂತ ಚೆನ್ನಾಗಿ ಕಂಡಿತು. ಎದುರಿಗೆ ನಿಂತ ಸಹಾಯಕರೂ ಅದನ್ನೇ ನೋಡುವಂತಾದ್ದರಿಂದ ಕಲಿಸುವುದು ಸುಲಭವಾಯಿತು. ನಿಮ್ಮ ಮೊದಲನೇ ಸರ್ಜನ್ ಹೇಳಿದ್ದು ಇದೇ ವಿಧಾನ.

1980ರ ದಶಕದಲ್ಲಿ ಬಂದದ್ದರಲ್ಲಿ ಬಹಳಷ್ಟು ಉಳಿಯಲಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. 1985ರಲ್ಲಿ ಗ್ಯಾರಿ ಓನಿಕ್ ಕತ್ತರಿಸಿ ಹೀರುವ ಯಂತ್ರದ ಕಡ್ಡಿ ತಂದರು. 1986ರಲ್ಲಿ ಚಾಯ್ ಮತ್ತು ಆಶರ್ ಲೇಸರ್‌ನಿಂದ ಡಿಸ್ಕಿನ ತಿರುಳನ್ನು ಆವಿ ಮಾಡಿದರು. ಎರಡರಲ್ಲೂ ತೊಡಕು ಒಂದೇ. ಅವು ಡಿಸ್ಕಿನ ನಡುವಿನ ತಿರುಳನ್ನು ತೆಗೆದು ಒತ್ತಡ ಇಳಿಸುತ್ತವೆ. ತಿರುಳನ್ನು ಸುತ್ತಿರುವ ಉಂಗುರ ಹರಿದು ಹೊರಗೆ ಬಂದು ನರದ ಪಕ್ಕದಲ್ಲಿ ಕೂತ ತುಣುಕನ್ನು ಮುಟ್ಟುವುದೇ ಇಲ್ಲ. ಈಗಲೂ ಲೇಸರ್ ಅನ್ನುವ ಪದಕ್ಕೆ ಜನ ಮರುಳಾಗುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ತುಣುಕು ಹೊರಗೆ ಬಂದಿದೆ ಅಂತಿದ್ದರೆ ಡಿಸ್ಕಿನ ನಡುವೆ ಲೇಸರ್ ಹಾಯಿಸಿ ಏನು ಪ್ರಯೋಜನ ಅಂತ ಕೇಳಿ.

ನಿಜವಾಗಿ ಎಲ್ಲ ಕೂಡಿಬಂದದ್ದು 1990ರ ದಶಕದಲ್ಲಿ. ಎಂಆರ್‌ಐ ಬಂದು ತುಣುಕು ಎಲ್ಲಿದೆ ಅಂತ ಮೊದಲೇ ಗೊತ್ತಾಗತೊಡಗಿತು, ಹಾಗಾಗಿ ಹುಡುಕುವ ಜಾಗ ಬೇಡವಾಯಿತು. ಗಾಜಿನ ಕಡ್ಡಿಗಳ ಲೆನ್ಸ್ ಮತ್ತು ಸಣ್ಣ ಕ್ಯಾಮೆರಾಗಳಿಂದ ಎಂಡೋಸ್ಕೋಪ್‌ನ ಚಿತ್ರ ಸ್ಪಷ್ಟವಾಯಿತು. ನ್ಯೂಯಾರ್ಕ್‌ನ ಮೈಕೆಲ್ ಬರ್ಮನ್ 1931ರಷ್ಟು ಹಿಂದೆಯೇ ಶವಗಳ ಬೆನ್ನುಮೂಳೆಯೊಳಗೆ ದುರ್ಬೀನು ಇಳಿಸಿ ನೋಡಿದ್ದರು. ಆ ಆಸೆ ಕೈಗೂಡಲು ಅರವತ್ತು ವರ್ಷ ಬೇಕಾಯಿತು.

1997ರಲ್ಲಿ ಮೆಂಫಿಸ್‌ನ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಕೊಳವೆಯ ವಿಧಾನ ತಂದರು. ಇದರ ಉಪಾಯ ಸರಳ, ನನಗೆ ಬಹಳ ಇಷ್ಟವಾದದ್ದೂ ಹೌದು. ಮೊದಲು ಬೆರಳಿಗಿಂತ ಸಣ್ಣ ಕಡ್ಡಿಯನ್ನು ಮಾಂಸದ ಎಳೆಗಳ ನಡುವೆ ಇಳಿಸುತ್ತೀರಿ. ಅದರ ಮೇಲೆ ಸ್ವಲ್ಪ ದಪ್ಪದ ಕೊಳವೆ, ಅದರ ಮೇಲೆ ಇನ್ನೂ ದಪ್ಪದ್ದು, ಹೀಗೆ ಒಂದರ ಮೇಲೊಂದು. ಎಳೆಗಳು ಹರಿಯುವುದಿಲ್ಲ, ಬದಿಗೆ ಸರಿದು ಜಾಗ ಬಿಡುತ್ತವೆ. ಕೊನೆಗೆ 16 ಅಥವಾ 18 ಮಿಲಿಮೀಟರ್ ಕೊಳವೆಯನ್ನು ಅಲ್ಲೇ ನಿಲ್ಲಿಸಿ ಒಳಗಿನವನ್ನು ತೆಗೆದರೆ ನೇರ ಮೂಳೆಯ ಮೇಲೆ ಕಿಟಕಿ. ಕೆಲಸ ಮುಗಿಸಿ ಕೊಳವೆ ಹೊರಗೆಳೆಯುವಾಗ ಮಾಂಸ ಕಣ್ಣೆದುರಿಗೇ ಮುಚ್ಚಿಕೊಳ್ಳುತ್ತದೆ. ಮೊದಲ ಸಲ ಅದನ್ನು ನೋಡಿದಾಗ, ಹಳೆಯ ಆ ಬಿಳಿ ಕಲೆಗಳು ನೆನಪಾಗಿ, ನನಗೆ ಗಂಟಲು ಕಟ್ಟಿತ್ತು.

ಅದೇ ವರ್ಷಗಳಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಆಂಥೋನಿ ಯಂಗ್ ಕಾಂಬಿನ್ ತ್ರಿಕೋನದ ದಾರಿಗೇ ಒಂದು ಹೊಸ ಎಂಡೋಸ್ಕೋಪ್ ಕಟ್ಟಿದರು. ಒಂದೇ ಕಡ್ಡಿಯಲ್ಲಿ ಕ್ಯಾಮೆರಾ, ಬೆಳಕು, ನೀರು, ಚಿಮಟ ಹೋಗುವ ಹಾದಿ, ಎಲ್ಲ. ನಿಮ್ಮ ಎರಡನೇ ಸರ್ಜನ್ ಹೇಳಿದ 8 ಮಿಲಿಮೀಟರ್ ಇದರ ಮೊಮ್ಮಗು. ಇಲ್ಲಿ ಕಣ್ಣು ಗಾಯದ ಹೊರಗೆ ಇಲ್ಲ, ಕ್ಯಾಮೆರಾ ನರದ ಹತ್ತಿರವೇ ಹೋಗಿ ನಿಲ್ಲುತ್ತದೆ. ಉಪ್ಪುನೀರು ಸದಾ ಹರಿಯುತ್ತಿರುತ್ತದೆ, ರಕ್ತ ತೊಳೆದುಹೋಗಿ ನೋಟ ತಿಳಿಯಾಗಿರುತ್ತದೆ. ಪಕ್ಕದಿಂದ ಹೋಗುವಾಗ ಬರೀ ಅಲ್ಲಿಗೆ ಅರಿವಳಿಕೆ ಕೊಟ್ಟು, ರೋಗಿ ಎಚ್ಚರ ಇರುವಾಗಲೇ ಮಾಡಬಹುದು. ನರಕ್ಕೆ ತಾಗಿದರೆ ಅವರೇ ಹೇಳುತ್ತಾರೆ, ಕಾಲಿಗೆ ಹೊಡೀತಿದೆ ಅಂತ. ಅದಕ್ಕಿಂತ ಒಳ್ಳೆಯ ಅಲಾರಂ ಇಲ್ಲ.

ಆದರೆ ನಿಮ್ಮ ಎಲ್5-ಎಸ್1ಗೆ ಪಕ್ಕದ ದಾರಿಯಲ್ಲಿ ಒಂದು ಅಡ್ಡಿ ಇದೆ, ಸೊಂಟದ ಮೂಳೆ. ಅದು ಎತ್ತರವಾಗಿದ್ದರೆ ಕಡ್ಡಿ ಬೇಕಾದ ಓರೆಯಲ್ಲಿ ಇಳಿಯುವುದಿಲ್ಲ. ಇದಕ್ಕೆ ಜರ್ಮನಿಯ ಸೆಬಾಸ್ಟಿಯನ್ ರುಟೆನ್ 2000ದ ದಶಕದಲ್ಲಿ ಹಿಂದಿನಿಂದ, ಗ್ರಾಫ್ಟನ್ ಲವ್ ಬಳಸಿದ ಅದೇ ಸಂದಿಯಿಂದ, ಎಂಡೋಸ್ಕೋಪ್ ಇಳಿಸುವ ವಿಧಾನವನ್ನು ಬೆಳೆಸಿದರು. ಎಲ್5-ಎಸ್1ನಲ್ಲಿ ಆ ಸಂದಿ ಬೇರೆ ಕಡೆಗಿಂತ ಅಗಲ, ಎಷ್ಟೋ ಸಲ ಮೂಳೆ ಮುಟ್ಟದೆಯೇ ಒಳಗೆ ಹೋಗಬಹುದು. ಆದ್ದರಿಂದ ನಿಮ್ಮ ಎರಡನೇ ಸರ್ಜನ್‌ಗೆ ಯಾವ ಕಡೆಯಿಂದ ಹೋಗುತ್ತೀರಿ, ಯಾಕೆ ಅಂತ ಖಂಡಿತ ಕೇಳಿ. ನಿಮ್ಮದೇ ಎಕ್ಸ್‌ರೇ ತೋರಿಸಿ ಸೊಂಟದ ಮೂಳೆ ಇಲ್ಲಿದೆ, ಅದಕ್ಕೆ ಹೀಗೆ ಅಂತ ವಿವರಿಸಿದರೆ ಅವರು ನಿಮ್ಮ ಬೆನ್ನಿನ ಬಗ್ಗೆ ಯೋಚಿಸಿದ್ದಾರೆ ಅಂತ ಅರ್ಥ. ಇತ್ತೀಚೆಗೆ ಕೊರಿಯಾದ ಸರ್ಜನ್‌ಗಳು ಬೆಳೆಸಿದ ಎರಡು ತೂತಿನ ವಿಧಾನವೂ ಬಹಳ ಹಬ್ಬಿದೆ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ, ಮಂಡಿಯ ಆರ್ಥ್ರೋಸ್ಕೋಪಿ ಥರ. ತೂತು ಎರಡಾದರೂ ಕೈಗೆ ಸ್ವಾತಂತ್ರ್ಯ ಜಾಸ್ತಿ, ಮಾಮೂಲಿ ಉಪಕರಣಗಳನ್ನೇ ಬಳಸಬಹುದು.

ಡಿಸ್ಕ್ ಬಿಟ್ಟು ಬೇರೆ ಕಡೆಯೂ ಇದೇ ಯೋಚನೆ ಹಬ್ಬಿತು. ನನ್ನ ಅನಿಸಿಕೆಯಲ್ಲಿ ದೊಡ್ಡ ಲಾಭ ಸಿಕ್ಕಿದ್ದು ಅಲ್ಲೇ. ಬೆನ್ನುಮೂಳೆ ಮುರಿದವರಿಗೆ, ಕ್ಯಾನ್ಸರ್ ಮೂಳೆಗೆ ಹರಡಿ ಕುಸಿದವರಿಗೆ, ಸ್ಕ್ರೂ ಮತ್ತು ರಾಡ್ ಹಾಕಬೇಕಾದರೆ ಮೊದಲು ಇಡೀ ಬೆನ್ನನ್ನೇ ತೆರೆಯಬೇಕಿತ್ತು. 2001ರಲ್ಲಿ ಫೋಲಿ ಚರ್ಮದ ಮೇಲಿನ ಸಣ್ಣ ತೂತುಗಳಿಂದಲೇ ಸ್ಕ್ರೂ ಕೂರಿಸಿ, ಕಮಾನಿನಂತೆ ತಿರುಗುವ ಕೈಯಿಂದ ರಾಡನ್ನು ಮಾಂಸದ ಕೆಳಗೇ ತೂರಿಸಿ ಸ್ಕ್ರೂಗಳಿಗೆ ಜೋಡಿಸುವ ವಿಧಾನ ತೋರಿಸಿದರು. ಕೀಮೋ ನಡೆಯುತ್ತಿರುವ, ರಕ್ತ ಕಡಿಮೆ ಇರುವ ರೋಗಿಗೆ ಅರ್ಧ ಲೀಟರ್ ರಕ್ತ ಉಳಿದರೆ ಅದು ಎಷ್ಟು ದೊಡ್ಡದು ಅಂತ ಆ ಮನೆಯವರಿಗೆ ಗೊತ್ತು. ಇದರಲ್ಲೂ ಅಪಾಯ ಇದೆ. ಸ್ಕ್ರೂಗೆ ದಾರಿ ತೋರುವ ತೆಳು ತಂತಿ ಕಾಣದಂತೆ ಮುಂದಕ್ಕೆ ಜಾರಿದರೆ ಮೂಳೆಯ ಮುಂದಿರುವ ದೊಡ್ಡ ರಕ್ತನಾಳ ತಲುಪಬಹುದು. ಎಕ್ಸ್‌ರೇ ಜಾಸ್ತಿ ಬೇಕಾಗುತ್ತದೆ, ರೋಗಿಗಿಂತ ದಿನಾ ಅಲ್ಲಿ ನಿಲ್ಲುವ ಸರ್ಜನ್ ಮತ್ತು ಸಿಬ್ಬಂದಿಗೆ ಅದರ ಹೊರೆ. ಕಂಪ್ಯೂಟರ್ ಪರದೆಯಲ್ಲಿ ದಾರಿ ತೋರುವ ನ್ಯಾವಿಗೇಷನ್ ಮತ್ತು ರೋಬೋಟ್‌ಗಳು ಬಂದದ್ದು ಮುಖ್ಯವಾಗಿ ಈ ಕುರುಡುತನ ಕಡಿಮೆ ಮಾಡಲು. ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ, ಸ್ಕ್ರೂ ಹೋಗಬೇಕಾದ ದಿಕ್ಕನ್ನು ಅಲುಗದಂತೆ ಹಿಡಿದುಕೊಡುತ್ತದೆ.

ಎಲ್ಲ ಪ್ರಯತ್ನವೂ ಗೆದ್ದಿಲ್ಲ. 1990ರ ದಶಕದಲ್ಲಿ ಹೊಟ್ಟೆಯ ಕಡೆಯಿಂದ ಲ್ಯಾಪರೋಸ್ಕೋಪ್ ಹಾಕಿ ಬೆನ್ನುಮೂಳೆ ಬೆಸೆಯುವುದಕ್ಕೆ ಎಲ್ಲರೂ ಮುಗಿಬಿದ್ದರು. ಕೆಲವೇ ವರ್ಷಕ್ಕೆ ಬಿಟ್ಟರು. ಗಂಡಸರಲ್ಲಿ ವೀರ್ಯ ಹಿಮ್ಮುಖವಾಗಿ ಹೋಗುವ ತೊಂದರೆ ಜಾಸ್ತಿ ಕಂಡಿತು, ಸಣ್ಣದಾಗಿ ತೆರೆದು ಮಾಡುವುದಕ್ಕಿಂತ ಲಾಭವೂ ಕಾಣಲಿಲ್ಲ. ಕುಸಿದ ಮೂಳೆಗೆ ಸೂಜಿಯಲ್ಲಿ ಸಿಮೆಂಟ್ ತುಂಬುವ ವಿಧಾನ 1984ರಲ್ಲಿ ಫ್ರಾನ್ಸಿನ ಅಮಿಯಾನ್ಸ್‌ನಲ್ಲಿ ಗಾಲಿಬೇರ್ ಮತ್ತು ಡೆರಾಮಾಂಡ್ ಅವರಿಂದ ಶುರುವಾಗಿ ಎಲ್ಲೆಡೆ ಹಬ್ಬಿತು. 2009ರಲ್ಲಿ, ಸೂಜಿ ಚುಚ್ಚಿದಂತೆ ಮಾಡಿ ಸಿಮೆಂಟ್ ಹಾಕದೆ ಬಿಟ್ಟ ಗುಂಪಿನ ಜೊತೆ ಹೋಲಿಸಿದ ಎರಡು ಅಧ್ಯಯನಗಳು ಬಂದವು. ಎರಡರಲ್ಲೂ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಸರಿಯಾದ ರೋಗಿಯನ್ನು ಆರಿಸುವುದು ಹೇಗೆ ಅನ್ನುವ ಚರ್ಚೆ ಆಮೇಲೆ ನಿಂತೇ ಇಲ್ಲ.

ಈಗ ನೀವು ಕೇಳಿದ ‘ನಂಬಬಹುದಾ’ ಅನ್ನುವುದಕ್ಕೆ ಬರೋಣ. ಇದಕ್ಕೆ ನೆದರ್ಲೆಂಡ್ಸ್‌ನ ಸಂಶೋಧಕರಿಗೆ ನಾವೆಲ್ಲ ಋಣಿಗಳು, ಅವರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ವರ್ಷಗಟ್ಟಲೆ ತಾಳ್ಮೆಯಿಂದ ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 328 ಜನರಿದ್ದರು. ಅರ್ಧ ಜನಕ್ಕೆ ಕೊಳವೆ, ಅರ್ಧ ಜನಕ್ಕೆ ಮಾಮೂಲಿ ಮೈಕ್ರೋಸ್ಕೋಪ್ ಆಪರೇಷನ್. ಕೊಳವೆಯವರು ಬೇಗ ಚೇತರಿಸಿಕೊಳ್ಳುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಒಂದು ವರ್ಷಕ್ಕೆ ಕೊಳವೆ ಗುಂಪಿನ ಕಾಲು ನೋವು, ಬೆನ್ನು ನೋವು ಸ್ವಲ್ಪ ಜಾಸ್ತಿಯೇ ಇತ್ತು. 2022ರಲ್ಲಿ ಬಂದ ಇನ್ನೊಂದು ಅಧ್ಯಯನ 613 ಜನರದ್ದು, ಪಕ್ಕದಿಂದ ಹೋಗುವ ಎಂಡೋಸ್ಕೋಪ್ ಒಂದು ಕಡೆ, ಮೈಕ್ರೋಸ್ಕೋಪ್ ಇನ್ನೊಂದು ಕಡೆ. ಅದರಲ್ಲಿ ಎಂಡೋಸ್ಕೋಪ್ ಒಂದು ವರ್ಷದ ಹೊತ್ತಿಗೆ ಯಾವ ರೀತಿಯಲ್ಲೂ ಹಿಂದೆ ಬೀಳಲಿಲ್ಲ. ಅಂದರೆ ನಿಮ್ಮಂಥ ಒಂದೇ ಡಿಸ್ಕಿನ ತೊಂದರೆಗೆ ಎರಡೂ ಒಳ್ಳೆಯವೇ. ಮೊದಲ ಕೆಲವು ದಿನದ ಗಾಯದ ನೋವಿನಲ್ಲಿ ವ್ಯತ್ಯಾಸ ಇರಬಹುದು. ಆರು ತಿಂಗಳ ಮೇಲೆ ನಿಮಗೆ ಮುಖ್ಯವಾಗುವುದು ತುಣುಕು ಪೂರ್ತಿ ಬಂತಾ, ನರಕ್ಕೆ ಪೆಟ್ಟಾಗಲಿಲ್ಲವಾ ಅನ್ನುವುದು.

ಅದು ನಿಂತಿರುವುದು ಕೈಯ ಅನುಭವದ ಮೇಲೆ. ಎಂಡೋಸ್ಕೋಪ್ ಕಲಿಯುವುದು ಕಷ್ಟ, ಇದನ್ನು ಮುಚ್ಚಿಡಬಾರದು. ಪರದೆ ಎದುರಿಗಿರುತ್ತದೆ, ಕೈ ಕೆಳಗಿರುತ್ತದೆ, ಬೆರಳಿಗೆ ಸ್ಪರ್ಶವೇ ಸಿಗುವುದಿಲ್ಲ, ನೋಟ ಒಂದು ಸಣ್ಣ ವೃತ್ತದಷ್ಟು. ನಾನು ಶುರು ಮಾಡಿದ ವರ್ಷದಲ್ಲಿ ಒಬ್ಬರಿಗೆ ತುಣುಕು ಬಂತು ಅಂದುಕೊಂಡು ಮುಗಿಸಿದೆ. ಎದ್ದಮೇಲೆ ಅವರ ಕಾಲು ನೋವು ಹಾಗೇ ಇತ್ತು. ಎಂಆರ್‌ಐ ಮತ್ತೆ ಮಾಡಿಸಿದರೆ ಅರ್ಧ ತುಣುಕು ನರದ ಹಿಂದೆ ಅಡಗಿ ಕೂತಿದೆ. ಅವರ ಮುಂದೆ ಕೂತು ನಡೆದದ್ದನ್ನು ಹೇಳಿ, ಮೈಕ್ರೋಸ್ಕೋಪ್ ಇಟ್ಟು ಮತ್ತೆ ತೆಗೆದೆ. ಅವರು ಚೆನ್ನಾಗಿದ್ದಾರೆ. ಅವತ್ತಿನಿಂದ ನರ ಸಡಿಲಾಗಿ, ನೀರಿನ ಹರಿವಿಗೆ ತಕ್ಕಂತೆ ಮಿಡಿಯುವುದನ್ನು ಕಣ್ಣಾರೆ ನೋಡದೆ ನಾನು ಕಡ್ಡಿ ಹೊರತೆಗೆದಿಲ್ಲ. ಅದಕ್ಕೆ ಹೇಳುತ್ತಿದ್ದೇನೆ, ಇಬ್ಬರು ಸರ್ಜನ್‌ಗಳಿಗೂ ನಾಚಿಕೆ ಬಿಟ್ಟು ಕೇಳಿ: ಈ ವಿಧಾನದಲ್ಲಿ ನೀವು ಎಷ್ಟು ಮಾಡಿದ್ದೀರಿ? ಒಳಗೆ ಕಷ್ಟವಾದರೆ, ಅಥವಾ ನರದ ಪೊರೆ ಹರಿದರೆ ಏನು ಮಾಡುತ್ತೀರಿ? ದೊಡ್ಡದಾಗಿ ತೆರೆದು ಸರಿಪಡಿಸಲು ಬರುತ್ತದಾ? ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತಿರುಳು ಅದೇ ಹರಿದ ಉಂಗುರದಿಂದ ಮತ್ತೆ ಹೊರಗೆ ಬರುವ ಸಾಧ್ಯತೆ ಯಾವ ವಿಧಾನದಲ್ಲೂ ಇದ್ದೇ ಇದೆ, ಸುಮಾರು ನೂರಕ್ಕೆ ಐದರಿಂದ ಹತ್ತು ಜನರಲ್ಲಿ. ಇದನ್ನು ಹೇಳದೆ ‘ನೂರಕ್ಕೆ ನೂರು ಗ್ಯಾರಂಟಿ’ ಅನ್ನುವವರ ಹತ್ತಿರ ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ನಿಮಗೆ ಈಗ ಆಪರೇಷನ್ ಬೇಕೇ ಬೇಕಾ? ಹೊರಗೆ ಬಂದ ತುಣುಕನ್ನು ದೇಹ ತಾನೇ ಕರಗಿಸುವುದು ಸಾಮಾನ್ಯ. 2007ರಲ್ಲಿ ಅದೇ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನ ನಿಮ್ಮಂಥವರದ್ದೇ, 6ರಿಂದ 12 ವಾರ ಕಾಲು ನೋವಿದ್ದ 283 ಜನ. ಅರ್ಧ ಜನಕ್ಕೆ ಬೇಗ ಆಪರೇಷನ್, ಉಳಿದವರಿಗೆ ಮಾತ್ರೆ, ವ್ಯಾಯಾಮ, ಕಾಯುವುದು, ಆಗದಿದ್ದರೆ ಆಮೇಲೆ ಆಪರೇಷನ್. ಬೇಗ ಮಾಡಿಸಿಕೊಂಡವರ ನೋವು ಬೇಗ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಗುಣವಾಗಿದ್ದೇವೆ ಅಂದರು. ಕಾಯುವ ಗುಂಪಿನಲ್ಲಿ ಕೊನೆಗೆ ಆಪರೇಷನ್ ಬೇಕಾದದ್ದು ನೂರಕ್ಕೆ 39 ಜನಕ್ಕೆ ಮಾತ್ರ. ಅಂದರೆ ತಡೆದುಕೊಳ್ಳುವಂಥ ನೋವಾದರೆ, ಕಾಲಿನ ಬಲ ಸರಿಯಿದ್ದರೆ, ಇನ್ನೂ ಕೆಲವು ವಾರ ಕಾಯುವುದು ಹೇಡಿತನ ಅಲ್ಲ. ನಿದ್ದೆಯೇ ಬರುತ್ತಿಲ್ಲ, ಕೆಲಸ ನಿಂತಿದೆ, ಇನ್ನು ಆಗಲ್ಲ ಅಂದರೆ ಈಗಲೇ ಮಾಡಿಸಿಕೊಳ್ಳುವುದೂ ತಪ್ಪಲ್ಲ. ಅದು ನಿಮ್ಮ ನೋವು, ನಿರ್ಧಾರವೂ ನಿಮ್ಮದೇ.

ಕಾಯುವುದಾದರೆ ದಿನಾ ಒಂದು ಪರೀಕ್ಷೆ ಮಾಡಿಕೊಳ್ಳಿ. ಗೋಡೆ ಹಿಡಿದು ಎಡಗಾಲೊಂದರ ತುದಿಬೆರಳ ಮೇಲೆ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಎಲ್5-ಎಸ್1ನಲ್ಲಿ ಒತ್ತಿಸಿಕೊಳ್ಳುವ ನರ ಮೀನಖಂಡಕ್ಕೆ ಹೋಗುವಂಥದ್ದು, ಅದು ಸೋಲುತ್ತಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ನಿನ್ನೆ ಹತ್ತು ಆಗುತ್ತಿತ್ತು, ಇವತ್ತು ಮೂರಕ್ಕೇ ಹಿಮ್ಮಡಿ ಕುಸಿಯುತ್ತಿದೆ ಅಂದರೆ ಅಂದೇ ಸರ್ಜನ್‌ಗೆ ಫೋನ್ ಮಾಡಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಗುದದ ಸುತ್ತ ಮುಟ್ಟಿದ್ದು ತಿಳಿಯದಿದ್ದರೆ, ಎರಡೂ ಕಾಲಿಗೆ ಒಟ್ಟಿಗೆ ಬಲಹೀನತೆ ಬಂದರೆ, ಫೋನೂ ಬೇಡ, ರಾತ್ರಿ ಎಷ್ಟು ಹೊತ್ತಾಗಿದ್ದರೂ ನೇರ ಎಮರ್ಜೆನ್ಸಿಗೆ ಹೋಗಿ. ಅಂಥ ಹೊತ್ತಿನಲ್ಲಿ ಎಂಟು ಮಿಲಿಮೀಟರಾ ಎಂಟು ಸೆಂಟಿಮೀಟರಾ ಅಂತ ಕೇಳಬೇಡಿ, ಆ ರಾತ್ರಿ ಅಲ್ಲಿರುವ ಸರ್ಜನ್‌ಗೆ ಯಾವುದು ಚೆನ್ನಾಗಿ ಬರುತ್ತದೋ ಅದೇ ವಿಧಾನದಲ್ಲಿ ಒತ್ತಡ ತೆಗೆಯಲಿ.